ಯೇತಿಯ ಊರಿನವರ ಅನುಮಾನ

2019ರ ಏಪ್ರಿಲ್ ಕೊನೆಯಲ್ಲಿ ಭಾರತೀಯ ಸೇನೆ ತನ್ನ ಟ್ವಿಟರ್ ಖಾತೆಯಲ್ಲಿ ಹಿಮದ ಮೇಲಿನ ಹೆಜ್ಜೆಗುರುತುಗಳ ಕೆಲವು ಚಿತ್ರಗಳನ್ನು ಹಾಕಿತು. ನೇಪಾಳದ ಮಕಾಲು ಬೇಸ್ ಕ್ಯಾಂಪಿನ ಹತ್ತಿರ ಸೇನೆಯ ಪರ್ವತಾರೋಹಿಗಳಿಗೆ ಕಂಡ ಗುರುತುಗಳು ಅವು. 32 ಅಂಗುಲ ಉದ್ದ, 15 ಅಂಗುಲ ಅಗಲ. ಪುರಾಣದ ಹಿಮಮಾನವ ಯೇತಿಯದು ಎಂಬ ಒಕ್ಕಣೆ. ಅಂದು ಸಂಜೆ ನಮ್ಮ ಮನೆಯ ಟಿವಿಯಲ್ಲಿ ಅದೇ ಚಿತ್ರದ ಸುತ್ತ ಕೆಂಪು ವೃತ್ತ ಎಳೆದು, ಹಿನ್ನೆಲೆಗೆ ನಗಾರಿಯ ಸದ್ದು ಸೇರಿಸಿ, ತಿರುಗಿಸಿ ತಿರುಗಿಸಿ ತೋರಿಸಿದರು. ಆಮೇಲೆ ನೇಪಾಳದ ಸೇನೆಯ ವಕ್ತಾರರು ಒಂದು ಸ್ಪಷ್ಟನೆ ಕೊಟ್ಟರು. ಭಾರತದ ತಂಡದ ಜೊತೆಯಲ್ಲಿ ತಮ್ಮ ಸಂಪರ್ಕಾಧಿಕಾರಿಯೂ ಇದ್ದರು, ಸ್ಥಳೀಯರನ್ನೂ ಪೋರ್ಟರುಗಳನ್ನೂ ವಿಚಾರಿಸಿದೆವು, ಆ ಭಾಗದಲ್ಲಿ ಆಗಾಗ ಕಾಣಿಸಿಕೊಳ್ಳುವ ಕಾಡುಕರಡಿಯ ಹೆಜ್ಜೆ ಇದು ಎಂದು ಅವರು ಹೇಳುತ್ತಾರೆ ಎಂಬುದು ಅದರ ಸಾರ. ಇದು ಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣದಾಗಿ ಬಂತು. ನಗಾರಿ ಬಾರಿಸಿದ ವಾಹಿನಿಯಲ್ಲಿ ನಾನು ಅದನ್ನು ನೋಡಲಿಲ್ಲ.

ಅಂದಿನಿಂದ ನನ್ನನ್ನು ಕಾಡುತ್ತಿರುವುದು ಯೇತಿ ಇದೆಯೋ ಇಲ್ಲವೋ ಎಂಬ ಪ್ರಶ್ನೆಯಲ್ಲ. ಆ ಪೋರ್ಟರುಗಳ ಮಾತು. ಹೆಜ್ಜೆ ಮೂಡಿದ ಜಾಗದಲ್ಲೇ ನಿಂತಿದ್ದವರು ಅವರು. ಬೇರೆಯವರ ಸಾಮಾನು ಹೊತ್ತು ಆ ದಾರಿಯಲ್ಲಿ ವರ್ಷವಿಡೀ ಓಡಾಡುವವರು ಅವರು. ಹಿಮದ ಮೇಲೆ ಯಾವ ಪ್ರಾಣಿ ನಡೆದುಹೋದರೆ ಯಾವ ಗುರುತು ಉಳಿಯುತ್ತದೆ, ಒಂದು ಹಗಲಿನ ಬಿಸಿಲು ಬಿದ್ದ ಮೇಲೆ ಅದು ಏನಾಗುತ್ತದೆ ಎಂಬುದು ಅವರಿಗೆ ಬದುಕಿನ ಅಗತ್ಯ. ಅವರ ಅಭಿಪ್ರಾಯ ಕೊನೆಯದಾಗಿ ಬಂತು, ಅದೂ ಸೇನಾ ವಕ್ತಾರರ ಬಾಯಿಂದ. ಹಿಮಾಲಯದ ಈ ಪ್ರಾಣಿಯ ಬಗ್ಗೆ ಬಂದ ಟಿವಿ ಕಾರ್ಯಕ್ರಮಗಳನ್ನು ಚಿಕ್ಕಂದಿನಿಂದ ಆಸೆಪಟ್ಟು ನೋಡಿದವನು ನಾನು. ಅವುಗಳಲ್ಲಿ ಶೆರ್ಪಾಗಳು ಎರಡೇ ಪಾತ್ರಗಳಲ್ಲಿ ಬರುತ್ತಾರೆ: ಸಾಮಾನು ಹೊರುವವರಾಗಿ, ಇಲ್ಲವೇ ನಂಬುವವರಾಗಿ. ಅನುಮಾನಪಡುವ ಶೆರ್ಪಾನನ್ನು ನಾನು ಪರದೆಯ ಮೇಲೆ ಕಂಡದ್ದೇ ಅಪರೂಪ.

ಮೋಂಜೊದ ಅಡುಗೆಮನೆ

2007ರ ಕೊನೆಯಲ್ಲಿ ಅಮೆರಿಕದ ಒಂದು ಟಿವಿ ತಂಡ ಯೇತಿಯನ್ನು ಹುಡುಕುತ್ತ ನೇಪಾಳದ ಎವರೆಸ್ಟ್ ಬಳಿಯ ಖುಂಬು ಕಣಿವೆಗೆ ಬಂದಿತ್ತು. ಸೈ ಫೈ ವಾಹಿನಿಯ 'ಡೆಸ್ಟಿನೇಷನ್ ಟ್ರೂತ್' ಎಂಬ ಕಾರ್ಯಕ್ರಮ, ನಿರೂಪಕ ಜಾಶ್ ಗೇಟ್ಸ್. ಸುಮಾರು 2,850 ಮೀಟರ್ ಎತ್ತರದಲ್ಲಿ, ಮೋಂಜೊ ಎಂಬ ಹಳ್ಳಿಯ ಹತ್ತಿರ, ಹೊಳೆಯ ದಂಡೆಯಲ್ಲಿ ಅವರಿಗೆ ಹೆಜ್ಜೆಗುರುತು ಸಿಕ್ಕಿತು. ಚೆನ್ನಾಗಿ ಮೂಡಿದ್ದ ಒಂದು ಗುರುತು 33 ಸೆಂಟಿಮೀಟರ್ ಉದ್ದವಿತ್ತು. ಅಚ್ಚು ತೆಗೆದರು, ಕಠ್ಮಂಡುವಿನಲ್ಲಿ ಪತ್ರಕರ್ತರಿಗೆ ತೋರಿಸಿದರು, ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅಚ್ಚು ಅಮೆರಿಕಕ್ಕೆ ಹೋಯಿತು. ಮುಂದೆ ಅದರ ಒಂದು ಪ್ರತಿಯನ್ನು ಫ್ಲಾರಿಡಾದ ಡಿಸ್ನಿ ಉದ್ಯಾನದಲ್ಲಿ, ಎವರೆಸ್ಟ್ ಹೆಸರಿನ ಆಟದ ರೈಲಿಗೆ ಜನ ಸಾಲು ನಿಲ್ಲುವ ಜಾಗದಲ್ಲಿ ಪ್ರದರ್ಶನಕ್ಕೆ ಇಟ್ಟರು.

ಎವರೆಸ್ಟ್ ಬೇಸ್ ಕ್ಯಾಂಪಿಗೆ ನಡೆದು ಹೋಗುವವರಿಗೆ ಮೋಂಜೊ ಗೊತ್ತಿರುತ್ತದೆ. ಲುಕ್ಲಾದಲ್ಲಿ ವಿಮಾನ ಇಳಿದು ಹೊರಟರೆ ನಾಮ್ಚೆಯ ಕಡಿದಾದ ಏರು ಶುರುವಾಗುವುದಕ್ಕೆ ಮುಂಚೆ ಸಿಗುವ ಊರು; ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಬಾಗಿಲು ಅಲ್ಲೇ ಇದೆ. ಪೈನ್ ಮರಗಳು, ದೂಧ್ ಕೋಸಿ ನದಿಯ ಬಿಳಿ ನೀರು, ತರಕಾರಿ ಮಡಿಗಳು, ಕತ್ತಿನ ಗಂಟೆ ಅಲ್ಲಾಡಿಸುತ್ತ ಹೋಗುವ ಹೇಸರಗತ್ತೆಗಳ ಸಾಲು. ಜನ ವಾಸಿಸುವ, ದನ ಮೇಯುವ, ಋತುವಿನಲ್ಲಿ ಹಗಲೆಲ್ಲ ನೂರಾರು ಜನ ಓಡಾಡುವ ಜಾಗ. ಟಿವಿಯಲ್ಲಿ ರಾತ್ರಿಯ ಹಸಿರು ಬೆಳಕಿನಲ್ಲಿ ಇಂಥ ಜಾಗ ಮನುಷ್ಯರೇ ಇಲ್ಲದ ದುರ್ಗಮ ಕಾಡಿನಂತೆ ಕಾಣಬಲ್ಲದು. ಹಗಲಿನಲ್ಲಿ ಅಲ್ಲಿ ಬಟ್ಟೆ ಒಣಹಾಕಿರುತ್ತಾರೆ.

ಆ ದಾರಿಯಲ್ಲಿ ಹೋದಾಗ ಮೋಂಜೊದಲ್ಲಿ ನಾವು ಉಳಿದುಕೊಂಡಿದ್ದ ಲಾಡ್ಜಿನ ಒಡತಿಯನ್ನು ಎಲ್ಲರೂ ದೀದಿ ಎನ್ನುತ್ತಿದ್ದರು. ಹೊರಗೆ ಸಣ್ಣ ಮಳೆ. ಊಟದ ಕೋಣೆಯ ಕಬ್ಬಿಣದ ಒಲೆ ಇನ್ನೂ ಬಿಸಿಯಾಗಿರಲಿಲ್ಲ, ಆದ್ದರಿಂದ ಅಡುಗೆಮನೆಯಲ್ಲೇ ಕುಳಿತುಕೊಳ್ಳಿ ಎಂದು ಕರೆದರು. ಆಲೂಗಡ್ಡೆ, ಮೂಲಂಗಿ, ಹಿಟ್ಟಿನ ತುಂಡುಗಳನ್ನು ಹಾಕಿ ಶ್ಯಾಕ್ಪಾ ಬೇಯಿಸುತ್ತಿದ್ದರು. ನಾನು ಟಿವಿಯವರ ಹೆಜ್ಜೆಗುರುತಿನ ಬಗ್ಗೆ ಹಿಂದಿಯಲ್ಲಿ ಕೇಳಿದೆ. ಅವರು ಸೌಟನ್ನು ಪಾತ್ರೆಯ ಅಂಚಿಗಿಟ್ಟು, ನನ್ನ ಕಡೆ ತಿರುಗಿ, "ಆ ಹೊಳೆಯ ದಂಡೆಗೆ ನಾವು ತರಗೆಲೆ ಗುಡಿಸಿ ತರಲು ಹೋಗುತ್ತೇವೆ" ಎಂದರು. ಗೊಬ್ಬರಕ್ಕೆ ಬೇಕಾದ ತರಗೆಲೆ. ಅಲ್ಲಿಗೆ ಹೋಗದ ಹೆಂಗಸು ಈ ಊರಿನಲ್ಲಿ ಇಲ್ಲ. ಕರಡಿ ಇಳಿದು ಬರುತ್ತದೆ, ಅದರ ಹೆಜ್ಜೆ ಎಲ್ಲರಿಗೂ ಗೊತ್ತು. ಹಿಂಗಾಲು ಮುಂಗಾಲಿನ ಗುರುತಿನ ಮೇಲೇ ಬಿದ್ದರೆ ಉದ್ದವಾಗಿ ಕಾಣುತ್ತದೆ, ಮಳೆ ಬಂದರೆ ಇನ್ನೂ ಅಗಲವಾಗುತ್ತದೆ. "ದಿನಾ ಹೋಗುವ ನಮಗೆ ಸಿಗದ್ದು ಎರಡು ರಾತ್ರಿ ಉಳಿಯಲು ಬಂದವರಿಗೆ ಸಿಗುವುದು ಹೇಗೆ?" ಎಂದು ಕೇಳಿದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ನಿಜವಾಗಿಯೂ ಉತ್ತರ ಬೇಕು ಎನ್ನುವಂತೆ ನನ್ನ ಮುಖ ನೋಡಿದರು.

ಅವರ ಮಾವನವರನ್ನು ಹಿಂದೆ ಯಾವುದೋ ವಿದೇಶಿ ತಂಡ ಮಾತನಾಡಿಸಿತ್ತಂತೆ. ಮುದುಕರು ತಮ್ಮ ತಾಯಿ ಹೇಳುತ್ತಿದ್ದ ಯೇತಿಯ ಕಥೆಯನ್ನು ಮನಸಾರೆ ಹೇಳಿದರು. ಹೇಳಿ ಮುಗಿಸಿದ ಮೇಲೆ, ಹುಡುಗರು ಯಾಕ್‌ಗಳನ್ನು ಬಿಟ್ಟು ಎಲ್ಲೆಂದರಲ್ಲಿ ಅಲೆಯಬಾರದು ಎಂದು ದೊಡ್ಡವರು ಇದನ್ನೆಲ್ಲ ಹೇಳುತ್ತಿದ್ದರು, ನಾನಂತೂ ಕಂಡಿಲ್ಲ, ಕಂಡೆನೆಂದು ಹೇಳಿದ ಒಬ್ಬಿಬ್ಬರು ಕುಡಿಯುತ್ತಿದ್ದರು ಎಂದೂ ಸೇರಿಸಿದರು. ಆ ಕಂತನ್ನು ಆ ಮನೆಯವರು ಇಂದಿಗೂ ನೋಡಿಲ್ಲ. ಮುದುಕರ ಮಾತು ಎಲ್ಲಿಗೆ ನಿಂತಿತೋ ಅವರಿಗೆ ತಿಳಿಯದು. ಇಂಥ ಕಾರ್ಯಕ್ರಮಗಳನ್ನು ಬಹಳ ನೋಡಿರುವ ನನಗೆ ಅದು ಎಲ್ಲಿಗೆ ನಿಂತಿರಬಹುದು ಎಂಬ ಅಂದಾಜಿದೆ. ಸುಕ್ಕುಗಟ್ಟಿದ ಮುಖ ಹತ್ತಿರದಿಂದ, ಹಿಂದೆ ಗಾಳಿಗೆ ಬಡಿಯುವ ಪ್ರಾರ್ಥನಾ ಪತಾಕೆಗಳು, "ನನ್ನ ತಾಯಿ ಕಂಡಿದ್ದಳು" ಎಂಬ ವಾಕ್ಯ, ತಕ್ಷಣ ಕತ್ತಲು, ಓಡುವ ಕಾಲುಗಳ ಸದ್ದು, ಜಾಹೀರಾತು. ವಾಕ್ಯದ ಉಳಿದ ಅರ್ಧ ಅಡುಗೆಮನೆಯಲ್ಲಿ ಉಳಿಯುತ್ತದೆ.

ಕಪಾಟಿನೊಳಗಿನ ನೆತ್ತಿ

ಖುಮ್‌ಜುಂಗ್ ನಾಮ್ಚೆಯಿಂದ ಮೇಲೆ, 3,790 ಮೀಟರ್ ಎತ್ತರದಲ್ಲಿದೆ. ಹಸಿರು ತಗಡಿನ ಮಾಡುಗಳ ದೊಡ್ಡ ಹಳ್ಳಿ, ಕಲ್ಲಿನ ಗೋಡೆಗಳ ನಡುವೆ ಆಲೂಗಡ್ಡೆ ಹೊಲಗಳು. ಅಲ್ಲಿಯ ಗೊಂಪಾದಲ್ಲಿ, ಎಂದರೆ ಬೌದ್ಧ ಮಠದಲ್ಲಿ, ಯೇತಿಯ ನೆತ್ತಿಯ ಚರ್ಮ ಎಂದು ಹೇಳಲಾಗುವ ವಸ್ತು ಒಂದು ಗಾಜಿನ ಪೆಟ್ಟಿಗೆಯಲ್ಲಿದೆ. ಪಕ್ಕದಲ್ಲಿ ಕಾಣಿಕೆ ಡಬ್ಬಿ. ಕಾವಲಿನವರು ಕಪಾಟಿನ ಬೀಗ ತೆಗೆದರು. ಶಂಕುವಿನ ಆಕಾರ, ಗಟ್ಟಿ ಚರ್ಮ, ನೆತ್ತಿಯ ನಡುವೆ ಕೆಂಗಪ್ಪು ಬಿರುಗೂದಲಿನ ಏಣು. ನಮ್ಮ ಗೈಡ್ ಆ ಊರಿನವನೇ. ಮೊದಲು ಬುದ್ಧನ ಮುಂದೆ ಮೂರು ಸಲ ಅಡ್ಡಬಿದ್ದ, ಆಮೇಲೆ ಕಪಾಟಿನ ಮುಂದೆ ನಿಂತು ತಲೆಬಾಗಿದ. ತಲೆ ಎತ್ತಿದ ಕೂಡಲೇ ನನ್ನ ಕಡೆ ತಿರುಗಿ, "ಇದು ಸೆರೋ ಪ್ರಾಣಿಯ ಚರ್ಮ, ನಮಗೆ ಶಾಲೆಯಲ್ಲೇ ಗೊತ್ತಿತ್ತು" ಎಂದ.

ಆ ಶಾಲೆಯೂ ಈ ಕಥೆಯ ಒಳಗಿನದೇ. 1960ರಲ್ಲಿ ಎಡ್ಮಂಡ್ ಹಿಲರಿ ಒಂದು ವೈಜ್ಞಾನಿಕ ತಂಡದೊಂದಿಗೆ ಬಂದರು. ವರ್ಲ್ಡ್ ಬುಕ್ ವಿಶ್ವಕೋಶದವರು ಹಣ ಕೊಟ್ಟಿದ್ದರು. ಎತ್ತರದಲ್ಲಿ ಮನುಷ್ಯನ ದೇಹ ಹೇಗೆ ಹೊಂದಿಕೊಳ್ಳುತ್ತದೆ ಎಂಬ ಅಧ್ಯಯನದ ಜೊತೆಗೆ ಯೇತಿಯ ಹುಡುಕಾಟವೂ ಅವರ ಕಾರ್ಯಕ್ರಮದಲ್ಲಿತ್ತು. ತಂಡದಲ್ಲಿ ಮಾರ್ಲಿನ್ ಪರ್ಕಿನ್ಸ್ ಇದ್ದರು. ಶಿಕಾಗೋದ ಮೃಗಾಲಯದ ನಿರ್ದೇಶಕರು, ಅಮೆರಿಕದ ಟಿವಿಯಲ್ಲಿ ಪ್ರಾಣಿಗಳ ಕಾರ್ಯಕ್ರಮ ನಡೆಸಿ ಮನೆಮಾತಾಗಿದ್ದವರು. ಟಿವಿಯವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದಕ್ಕೆ ಇವರನ್ನು ನೆನೆಯುತ್ತೇನೆ. ನೆರಳಿನಲ್ಲಿ ಸಣ್ಣ ಪ್ರಾಣಿಯ ಪಾದದ ಗುರುತಾಗಿ ಉಳಿದದ್ದು ಬಿಸಿಲಿಗೆ ತೆರೆದುಕೊಂಡ ಜಾಗದಲ್ಲಿ ಕರಗಿ, ಒಂದರೊಳಗೊಂದು ಸೇರಿ, ದೈತ್ಯ ಹೆಜ್ಜೆಯಾಗುವುದನ್ನು ಅವರು ಅಲ್ಲಿ ನೋಡಿ ವಿವರಿಸಿದರು. ಯೇತಿಯದೆಂದು ಕೊಂಡುಕೊಂಡ ತೊಗಲುಗಳು ಟಿಬೆಟ್ಟಿನ ಕರಡಿಯವೆಂದು ತಿಳಿಯಿತು. ಉಳಿದದ್ದು ಖುಮ್‌ಜುಂಗಿನ ನೆತ್ತಿ.

ಊರಿನವರು ಅದನ್ನು ಸುಮ್ಮನೆ ಕೊಡಲಿಲ್ಲ. ಊರ ಹಿರಿಯ ಖುಂಜೊ ಚುಂಬಿ ಜೊತೆಯಲ್ಲೇ ಹೋಗಬೇಕು, ಆರು ವಾರಗಳೊಳಗೆ ವಾಪಸು ತರಬೇಕು ಎಂದು ಷರತ್ತು ಹಾಕಿದರು. ಚುಂಬಿ ಶಿಕಾಗೋ, ಪ್ಯಾರಿಸ್, ಲಂಡನ್ ಸುತ್ತಿದರು. ತಜ್ಞರು ಪರೀಕ್ಷಿಸಿ, ಇದು ಸೆರೋ ಎಂಬ ಹಿಮಾಲಯದ ಮೇಕೆಯಂಥ ಕಾಡುಪ್ರಾಣಿಯ ಹೆಗಲ ಚರ್ಮವನ್ನು ಅಚ್ಚಿನ ಮೇಲೆ ಎಳೆದು ಮಾಡಿದ್ದು ಎಂದರು. ಹಿಲರಿಯ ತಂಡ ಅದೇ ರೀತಿ ಇನ್ನೊಂದನ್ನು ಮಾಡಿಯೂ ತೋರಿಸಿತು. ನಮ್ಮಲ್ಲಿ ಜಿರಾಫೆಯೂ ಕಾಂಗರೂವೂ ಇಲ್ಲ, ಆದ್ದರಿಂದ ಅವುಗಳ ಬಗ್ಗೆ ನಮಗೇನೂ ಗೊತ್ತಿಲ್ಲ. ನಿಮ್ಮಲ್ಲಿ ಯೇತಿ ಇಲ್ಲ, ನಿಮ್ಮ ಅಜ್ಞಾನದ ಬಗ್ಗೆ ನನಗೆ ಸಹಾನುಭೂತಿ ಇದೆ ಎಂಬ ಅರ್ಥದ ಮಾತನ್ನು ಚುಂಬಿ ಯುರೋಪಿನಲ್ಲಿ ಆಡಿದ್ದು ಪ್ರಸಿದ್ಧ. ಕೊಟ್ಟ ಮಾತಿನಂತೆ ನೆತ್ತಿ ಊರಿಗೆ ಮರಳಿತು. 1961ರಲ್ಲಿ ಹಿಲರಿ ಅಲ್ಲಿ ಶಾಲೆ ಕಟ್ಟಿಸಿದರು. ನಮ್ಮ ಗೈಡ್ ಕಲಿತದ್ದು ಆ ಶಾಲೆಯಲ್ಲಿ.

ಹಾಗಾದರೆ ಅವನು ತಲೆಬಾಗಿದ್ದು ಏಕೆ? ಇದನ್ನು ನಾನು ನೇರವಾಗಿ ಕೇಳಿದೆ. ಪಾಂಗ್‌ಬೋಚೆ ಎಂಬ ಊರಿನ ಗೊಂಪಾ ಸ್ಥಾಪಿಸಿದ ಲಾಮಾ ಸಾಂಗ್ವಾ ದೋರ್ಜೆಯ ಕಥೆಯನ್ನು ಅವನು ಉತ್ತರವಾಗಿ ಹೇಳಿದ. ಲಾಮಾ ಗುಹೆಯಲ್ಲಿ ತಪಸ್ಸಿಗೆ ಕುಳಿತಾಗ ಒಂದು ಯೇತಿ ನೀರು, ಸೌದೆ, ಆಹಾರ ತಂದುಕೊಟ್ಟು ಸೇವೆ ಮಾಡಿತು. ಅದು ಸತ್ತಾಗ ಅದರ ನೆತ್ತಿಯನ್ನೂ ಕೈಯನ್ನೂ ಲಾಮಾ ಉಳಿಸಿಕೊಂಡರು. ನೆತ್ತಿಯನ್ನು ಪೂಜೆಯಲ್ಲಿ, ಕುಣಿತದಲ್ಲಿ ಬಳಸುತ್ತಿದ್ದರು. "ಚರ್ಮ ಯಾವ ಪ್ರಾಣಿಯದ್ದಾದರೇನು, ಮುನ್ನೂರು ವರ್ಷ ಪೂಜೆಯಲ್ಲಿ ಇದ್ದದ್ದಲ್ಲವೇ" ಎಂದ. ಈ ಮಾತು ನನಗೆ ಅಪರಿಚಿತವಲ್ಲ. ನಮ್ಮ ಕಡೆಯ ಭೂತದ ಮೊಗವನ್ನು ಊರ ಆಚಾರಿ ಯಾವ ಮರದಿಂದ ಕೆತ್ತಿದ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ; ಕೋಲದ ರಾತ್ರಿ ಅದಕ್ಕೆ ಕೈಮುಗಿಯಲು ಆ ತಿಳಿವಳಿಕೆ ಅಡ್ಡ ಬರುವುದಿಲ್ಲ.

ಅಂದು ಸಂಜೆ ಅವನು ಇನ್ನೊಂದು ಕಥೆಯನ್ನೂ ಹೇಳಿದ. ಹಿಂದೆ ಯೇತಿಗಳು ಬೆಳೆ ಹಾಳುಮಾಡಿ ಜನರನ್ನು ಗೋಳುಹುಯ್ದುಕೊಳ್ಳುತ್ತಿದ್ದವು. ಅವು ಮನುಷ್ಯರು ಮಾಡಿದ್ದನ್ನೆಲ್ಲ ಅನುಕರಿಸುತ್ತವೆ ಎಂದು ಊರಿನವರಿಗೆ ಗೊತ್ತಿತ್ತು. ಒಂದು ದಿನ ಎಲ್ಲರೂ ಬಯಲಿಗೆ ಹೋಗಿ ಚಾಂಗ್ ಕುಡಿದಂತೆ ನಟಿಸಿ, ಮರದ ಕತ್ತಿಗಳಿಂದ ಹೊಡೆದಾಡಿದಂತೆ ಮಾಡಿ, ಸಂಜೆ ಹೊರಡುವಾಗ ನಿಜವಾದ ಹೆಂಡವನ್ನೂ ನಿಜವಾದ ಕತ್ತಿಗಳನ್ನೂ ಅಲ್ಲೇ ಬಿಟ್ಟುಬಂದರು. ರಾತ್ರಿ ಯೇತಿಗಳು ಇಳಿದು ಬಂದು ಕುಡಿದು ಕಡಿದಾಡಿ ಸತ್ತವು. ಕೆಲವು ಮಾತ್ರ ತಪ್ಪಿಸಿಕೊಂಡು ಎತ್ತರಕ್ಕೆ ಹೋದವು, ಅದಕ್ಕೇ ಈಗ ಕಾಣುವುದಿಲ್ಲ. ಇದನ್ನು ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು, ಕೈಗಳು ಕತ್ತಿ ಬೀಸುತ್ತಿದ್ದವು. ಹಗಲು ಸೆರೋ ಚರ್ಮ ಎಂದ ಅದೇ ಹುಡುಗ. ಮರುದಿನ ಮರಗಳು ಮುಗಿದು ಬರಿ ಬಂಡೆಗಳ ಪ್ರದೇಶ ಶುರುವಾದ ಮೇಲೆ ನಾನು ಮತ್ತೆ ಯೇತಿಯ ಮಾತೆತ್ತಿದಾಗ, ಇಲ್ಲಿ ಬೇಡ ಅಣ್ಣಾ, ಕೆಳಗೆ ಇಳಿದ ಮೇಲೆ ಮಾತನಾಡೋಣ ಎಂದ. ಯೇತಿಯನ್ನು ಕಂಡರೆ ಕೆಡುಕು ಎಂಬ ಮಾತು ಶೆರ್ಪಾಗಳಲ್ಲಿ ಹಳೆಯದು. ಕಾಣಲಿ ಎಂದು ಹಂಬಲಿಸುವುದು ಹೊರಗಿನವರು ಮಾತ್ರ.

ಟಿವಿ ತಂಡಗಳಿಗೆ ಇದು ಅರ್ಥವಾಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ಅದನ್ನು ಇಟ್ಟುಕೊಳ್ಳಲು ಅವರ ಕಂತಿನಲ್ಲಿ ಜಾಗವಿಲ್ಲ. ಅವರಿಗೆ ಒಂದು ಪ್ರಾಣಿ ಬೇಕು: ಕೂದಲು ಉದುರಿಸುವ, ಹೆಜ್ಜೆ ಮೂಡಿಸುವ, ಇಂದು ರಾತ್ರಿ ಕ್ಯಾಮೆರಾಕ್ಕೆ ಸಿಕ್ಕೇಬಿಡಬಹುದಾದ ಪ್ರಾಣಿ. ಆ ಪ್ರಾಣಿಯ ಬಗ್ಗೆ ಊರಿನವರಿಗೆ ಅನುಮಾನವಿದೆ. ಊರಿನವರ ಯೇತಿಯೋ, ಲಾಮಾಗೆ ಸೌದೆ ತಂದುಕೊಟ್ಟದ್ದು, ಹೆಂಡ ಕುಡಿದು ಸತ್ತದ್ದು. ಅದರ ಹೆಜ್ಜೆಗೆ ಅಚ್ಚು ತೆಗೆಯಬೇಕೆಂದು ಅವರಿಗೆ ಅನ್ನಿಸಿಲ್ಲ. ಅವರ ಅನುಮಾನವನ್ನೂ ಅವರ ಕಥೆಯನ್ನೂ ಒಟ್ಟಿಗೇ ಕತ್ತರಿಸಿ ಹಾಕಿದ ಮೇಲೆ ಉಳಿಯುವುದು ಬರಿಯ ಬೆರಗು, ಅದೂ ಬೇರೆ ಊರಿನವರ ಬೆರಗು.

ಕೂದಲು, ಹಲ್ಲು, ಮಾರುಕಟ್ಟೆ

ವಿಜ್ಞಾನದ ಕಡೆಯ ಸಂಗತಿಗಳು ಈಗ ಸಾಕಷ್ಟು ಸ್ಪಷ್ಟವಾಗಿವೆ. 2013ರಲ್ಲಿ ಆಕ್ಸ್‌ಫರ್ಡಿನ ಬ್ರಯಾನ್ ಸೈಕ್ಸ್ ಅವರು ಲಡಾಖ್ ಮತ್ತು ಭೂತಾನಿನ ಎರಡು ಕೂದಲುಗಳು ಪ್ರಾಚೀನ ಹಿಮಕರಡಿಯೊಂದಕ್ಕೆ ಹೊಂದುತ್ತವೆ ಎಂದಾಗ ದೊಡ್ಡ ಸುದ್ದಿಯಾಯಿತು, ಟಿವಿ ಸರಣಿಯೂ ಬಂತು. ಬೇರೆ ಸಂಶೋಧಕರು ಅದೇ ದತ್ತಾಂಶವನ್ನು ಮತ್ತೆ ನೋಡಿ, ಹಿಮಾಲಯದ ಸಾಮಾನ್ಯ ಕಂದು ಕರಡಿ ಎಂದರೆ ಸಾಕು ಎಂದರು. 2017ರಲ್ಲಿ ಷಾರ್ಲಟ್ ಲಿಂಡ್‌ಕ್ವಿಸ್ಟ್ ಅವರ ತಂಡ ಯೇತಿಯದೆಂದು ಇಟ್ಟುಕೊಂಡಿದ್ದ ಒಂಬತ್ತು ಮಾದರಿಗಳ ಡಿಎನ್ಎ ಪರೀಕ್ಷಿಸಿತು: ಎಂಟು ಕರಡಿಗಳು, ಒಂದು ನಾಯಿ. ಈ ಅಧ್ಯಯನಕ್ಕೂ ಒಂದು ಟಿವಿ ಕಾರ್ಯಕ್ರಮವೇ ಕಾರಣವಾಗಿತ್ತು, ಮತ್ತು ಅದರಿಂದ ಆ ಭಾಗದ ಕರಡಿಗಳ ವಂಶಾವಳಿಯ ಬಗ್ಗೆ ನಿಜವಾಗಿಯೂ ಹೊಸ ತಿಳಿವಳಿಕೆ ಬಂತು. ಮಕಾಲುವಿನ ಪೋರ್ಟರುಗಳು ಕರಡಿ ಎಂದದ್ದಕ್ಕೆ ಪ್ರಯೋಗಾಲಯಗಳ ಉತ್ತರವೂ ಕರಡಿಯೇ.

ಊರಿನವರು ಯೇತಿಯನ್ನು ಮಾರುವುದಿಲ್ಲವೇ ಎಂದು ನೀವು ಕೇಳಬಹುದು. ಮಾರುತ್ತಾರೆ. ವಿಮಾನ ಸಂಸ್ಥೆಗೆ ಅದರ ಹೆಸರಿದೆ, ಕಠ್ಮಂಡುವಿನ ದೊಡ್ಡ ಹೋಟೆಲಿಗೆ ಇದೆ, ನಾಮ್ಚೆಯ ಅಂಗಡಿಗಳಲ್ಲಿ ಟೀ ಶರ್ಟಿನ ಮೇಲೆ ಇದೆ. ಅಮೆರಿಕದ ರಾಯಭಾರ ಕಚೇರಿಯ 1959ರ ಒಂದು ಟಿಪ್ಪಣಿಯಲ್ಲಿ ನೇಪಾಳ ಸರ್ಕಾರದ ನಿಯಮಗಳು ದಾಖಲಾಗಿವೆ: ಯೇತಿ ಹುಡುಕಲು ಬರುವ ತಂಡ ಐದು ಸಾವಿರ ರೂಪಾಯಿ ಶುಲ್ಕ ಕಟ್ಟಬೇಕು, ಆತ್ಮರಕ್ಷಣೆಗೆ ಬಿಟ್ಟರೆ ಅದನ್ನು ಕೊಲ್ಲಬಾರದು, ಚಿತ್ರ ತೆಗೆದರೆ ಸರ್ಕಾರಕ್ಕೆ ಒಪ್ಪಿಸಬೇಕು. ಗೊಂಪಾದಲ್ಲಿ ಕಾಣಿಕೆ ಡಬ್ಬಿ ಇರುವುದನ್ನು ಹೇಳಿದ್ದೇನೆ. ಇದರಲ್ಲಿ ನನಗೆ ಯಾವ ಮೋಸವೂ ಕಾಣುವುದಿಲ್ಲ. ಕೇಳುವವನಿಗೆ ಕಥೆ ಹೇಳಿ, ನೋಡುವವನಿಗೆ ಪೆಟ್ಟಿಗೆ ತೋರಿಸಿ, ಹೆಜ್ಜೆ ಯಾವುದರದ್ದು ಎಂದು ಕೇಳಿದವನಿಗೆ ಕರಡಿ ಎನ್ನುವ ಜನ ಅವರು. ಕೇಳಿದರೆ ಹೇಳುತ್ತಾರೆ. ಕೇಳಬೇಕು, ಅಷ್ಟೇ.

ಪಾಂಗ್‌ಬೋಚೆಯ ಕೈ

ಕೇಳದೇ ಹೋದಾಗ ಏನಾಗುತ್ತದೆ ಎಂಬುದು ಪಾಂಗ್‌ಬೋಚೆಯಲ್ಲಿ ನಡೆದುಹೋಗಿದೆ. ನನ್ನ ಕೋಪಕ್ಕೆಲ್ಲ ಮೂಲ ಅದು. ಅಮಾ ದಬ್ಲಾಮ್ ಪರ್ವತದ ಎದುರಿಗಿರುವ ಆ ಊರಿನ ಗೊಂಪಾದಲ್ಲಿ ಒಂದು ಒಣಗಿದ ಕೈ ಇತ್ತು, ಲಾಮಾನ ಯೇತಿಯ ಕೈ. 1950ರ ದಶಕದ ಕೊನೆಯಲ್ಲಿ ಟೆಕ್ಸಾಸಿನ ತೈಲೋದ್ಯಮಿ ಟಾಮ್ ಸ್ಲಿಕ್ ಹಣ ಹಾಕಿದ ಹುಡುಕಾಟದಲ್ಲಿ ಪೀಟರ್ ಬರ್ನ್ ಎಂಬವರು ಅದರ ಒಂದು ಬೆರಳನ್ನು ತೆಗೆದು, ಆ ಜಾಗದಲ್ಲಿ ಬೇರೊಬ್ಬ ಮನುಷ್ಯನ ಬೆರಳನ್ನು ಜೋಡಿಸಿದರು. ಬೆರಳು ಭಾರತದ ಮೂಲಕ ಲಂಡನ್ನಿಗೆ ಹೋಯಿತು. ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ದಂಪತಿ ಅದನ್ನು ತಮ್ಮ ಸಾಮಾನಿನಲ್ಲಿ ಸಾಗಿಸಿದರು. ಮೂರು ದಶಕಗಳ ನಂತರ ಅಮೆರಿಕದ ಒಂದು ಜನಪ್ರಿಯ ಟಿವಿ ಕಾರ್ಯಕ್ರಮ ಪಾಂಗ್‌ಬೋಚೆಯ ಕೈಯ ರಹಸ್ಯವನ್ನು ಪ್ರಸಾರ ಮಾಡಿತು. ಆಮೇಲೆ, 1990ರ ದಶಕದಲ್ಲಿ, ಗೊಂಪಾದಿಂದ ಇಡೀ ಕೈಯೇ ಕಳುವಾಯಿತು. ಕದ್ದವರು ಯಾರೆಂಬುದು ಪತ್ತೆಯಾಗಿಲ್ಲ. ಕೈ ಇಂದಿಗೂ ಮರಳಿಲ್ಲ.

ಪಾಂಗ್‌ಬೋಚೆಯ ಗೊಂಪಾಕ್ಕೆ ಹೋದಾಗ ಅಲ್ಲಿಯ ವಯಸ್ಸಾದ ಉಸ್ತುವಾರಿಯವರು ಪೆಟ್ಟಿಗೆಯಲ್ಲಿರುವುದನ್ನು ತೋರಿಸಿ, ಇದು ಮಾಡಿಸಿದ್ದು ಎಂದು ತಾವಾಗಿಯೇ ಹೇಳಿದರು. ನ್ಯೂಜಿಲೆಂಡಿನ ವೇಟಾ ಎಂಬ ಪ್ರಸಿದ್ಧ ಸಿನಿಮಾ ಕಾರ್ಯಾಗಾರದವರು ಮಾಡಿಕೊಟ್ಟ ಪ್ರತಿಕೃತಿ ಅದು. 2011ರಲ್ಲಿ ಆ ದೇಶದ ವಿಮಾನ ಚಾಲಕರೊಬ್ಬರು ತಂದು ಒಪ್ಪಿಸಿದ್ದು. ಕೈ ಕಳುವಾದ ಮೇಲೆ ಬರುವ ಯಾತ್ರಿಕರೂ ಕಾಣಿಕೆಯೂ ಕಡಿಮೆಯಾಯಿತು, ಅದಕ್ಕಿಂತ ಹೆಚ್ಚಾಗಿ ಊರಿನ ಹಿರಿಯರು ಬಹಳ ನೊಂದುಕೊಂಡರು ಎಂದು ಉಸ್ತುವಾರಿಯವರು ಹೇಳಿದರು. ಆ ಕೈ ಯೇತಿಯದೇ ಎಂದು ನಂಬಿದ್ದಿರಾ ಎಂದು ಕೇಳಿದೆ. ಒಬ್ಬ ದೊಡ್ಡ ಲಾಮಾನ ಕೈ ಇರಬಹುದು ಎಂದು ತಮ್ಮ ತಂದೆ ಅನ್ನುತ್ತಿದ್ದರು ಎಂದರು.

2011ರಲ್ಲೇ ಎಡಿನ್‌ಬರೋದಲ್ಲಿ, ಲಂಡನ್ನಿನ ಹಂಟೇರಿಯನ್ ಸಂಗ್ರಹಾಲಯದಲ್ಲಿದ್ದ ಬೆರಳಿನ ಡಿಎನ್ಎ ಪರೀಕ್ಷೆ ನಡೆಯಿತು. ಮನುಷ್ಯನ ಬೆರಳು. ಯೇತಿಯದಲ್ಲ ಎಂದ ಕೂಡಲೇ ಜಗತ್ತಿನ ಪತ್ರಿಕೆಗಳಿಗೆ ಆ ಬೆರಳಿನಲ್ಲಿ ಆಸಕ್ತಿ ಹೋಯಿತು. ನನಗೆ ಆಗಲೇ ಅದು ಇನ್ನೂ ಗಂಭೀರವಾದದ್ದು. ಒಬ್ಬ ಮನುಷ್ಯನ, ಬಹುಶಃ ಆ ಊರು ಪೂಜಿಸುತ್ತಿದ್ದ ಒಬ್ಬ ಸಾಧಕನ ಕೈಯನ್ನು ಮುರಿದು, ಕದ್ದು, ಯಾರದೋ ಸಂಗ್ರಹದ ಕಪಾಟಿಗೆ ಸೇರಿಸಿದ್ದಾರೆ. ಅಂಗಾಂಗಗಳನ್ನೂ ಅಸ್ಥಿಗಳನ್ನೂ ಅವು ಹೊರಟ ಊರುಗಳಿಗೆ ಹಿಂದಿರುಗಿಸುವ ಮಾತನ್ನು ಯುರೋಪಿನ ಸಂಗ್ರಹಾಲಯಗಳು ಇಂದು ಗಂಭೀರವಾಗಿ ಆಡುತ್ತಿವೆ. ಬೆರಳು ಎಲ್ಲಿಗೆ ಹೋಯಿತೆಂಬುದಕ್ಕೆ ದಾಖಲೆ ಇದೆ. ಅದನ್ನು ತೆಗೆದು ಬೇರೆ ಬೆರಳು ಜೋಡಿಸಿದ್ದಕ್ಕೂ ತೆಗೆದವರ ಮಾತೇ ಸಾಕ್ಷಿ. ಅದು ಪಾಂಗ್‌ಬೋಚೆಗೆ ಮರಳಬೇಕು. ಕೈಯನ್ನು ಇಟ್ಟುಕೊಂಡವರು ಬದುಕಿದ್ದರೆ, ಅಥವಾ ಅವರ ಮಕ್ಕಳ ಮನೆಯ ಪೆಟ್ಟಿಗೆಯೊಂದರಲ್ಲಿ ಅದು ಬಿದ್ದಿದ್ದರೆ, ಅದೂ ಮರಳಬೇಕು. ಹೆಸರು ಹೇಳದೆ ಅಂಚೆಯಲ್ಲಿ ಕಳಿಸಿದರೂ ಆಯಿತು. ಊರಿನ ವಿಳಾಸ ಇಡೀ ಜಗತ್ತಿಗೆ ಗೊತ್ತಿದೆ.